ಬಾಯ್ಲರ್ ಕೋಣೆಯಲ್ಲಿ ಅರ್ಹ ಎಂಜಿನಿಯರ್ ಸ್ಥಳದಲ್ಲೇ ಇರಬೇಕೇ, ತಿಂಗಳಿಗೊಮ್ಮೆ ಬಂದು ಹೋದರೆ ಸಾಕೇ?

ಪ್ರಶ್ನೆ: ಅಂಕೋಲಾ ಮೇಲ್ವಿಚಾರಕ

ಎಲ್ಲರಿಗೂ ನಮಸ್ಕಾರ. ಅಂಕೋಲಾ ಸಮೀಪದ ಒಂದು ಕುಚ್ಚಲಕ್ಕಿ ಗಿರಣಿಯಲ್ಲಿ ನಾನು ಮೇಲ್ವಿಚಾರಕನಾಗಿದ್ದೇನೆ. ಭತ್ತ ಬೇಯಿಸುವುದಕ್ಕೂ ಒಣಗಿಸುವುದಕ್ಕೂ ಉಗಿ ಕೊಡುವ, ಗಂಟೆಗೆ 2 ಟನ್ ಸಾಮರ್ಥ್ಯದ, ಉಮಿ ಉರಿಸುವ ಬಾಯ್ಲರ್ ನಮ್ಮಲ್ಲಿದೆ. ಚದರ ಸೆಂಟಿಮೀಟರಿಗೆ 10 ಕಿಲೋ ಒತ್ತಡದ ಆಸುಪಾಸಿನಲ್ಲಿ ಅದು ನಡೆಯುತ್ತದೆ. ಹಗಲು ಪಾಳಿಗೆ ಬಾಯ್ಲರ್ ನೋಡಿಕೊಳ್ಳಲು ಪ್ರಮಾಣಪತ್ರ ಪಡೆದ ಅಟೆಂಡೆಂಟ್ ಇದ್ದಾರೆ. ರಾತ್ರಿ ಉಮಿ ಹಾಕುವ ಸಹಾಯಕನೊಬ್ಬನೇ ಇರುತ್ತಾನೆ. ನೀರು ಇಳಿದರೆ ಪಂಪ್ ತಾನಾಗಿಯೇ ಚಾಲೂ ಆಗುತ್ತದೆ, ಒತ್ತಡ ಏರಿದರೆ ಸೇಫ್ಟಿ ವಾಲ್ವ್ ತೆರೆದುಕೊಳ್ಳುತ್ತದೆ, ಆದ್ದರಿಂದ ಹುಬ್ಬಳ್ಳಿಯ ಎಂಜಿನಿಯರರೊಬ್ಬರು ತಿಂಗಳಿಗೊಮ್ಮೆ ಬಂದು ನೋಡಿ ಉಳಿದ ದಿನ ಫೋನಿನಲ್ಲಿ ಸಿಕ್ಕರೆ ಸಾಕು ಎಂದು ಮಾಲೀಕರು ಹೇಳುತ್ತಾರೆ. ಅವರ ಮಾತನ್ನು ತಳ್ಳಿಹಾಕುವಷ್ಟು ತಿಳಿವಳಿಕೆ ನನಗಿಲ್ಲ, ಒಪ್ಪಿಕೊಳ್ಳಲು ಮನಸ್ಸೂ ಬರುತ್ತಿಲ್ಲ. ರಾತ್ರಿ ಉಮಿ ಹಾಕುವ ಆ ಹುಡುಗನ ಮನೆ ನಮ್ಮ ಓಣಿಯಲ್ಲೇ ಇದೆ. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ಶಿರಸಿ ನಿವೃತ್ತ

ನಿಮ್ಮ ಮನಸ್ಸು ಒಪ್ಪದಿರುವುದು ಸರಿಯಾಗಿಯೇ ಇದೆ. ಮೊದಲು ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ಬಿಸಿಯಾಗುವ ಮೇಲ್ಮೈ ಒಟ್ಟು 1000 ಚದರ ಮೀಟರ್ ಮೀರಿದ ಬಾಯ್ಲರುಗಳಿಗೆ ಪ್ರಮಾಣಪತ್ರವುಳ್ಳ ಬಾಯ್ಲರ್ ಆಪರೇಷನ್ ಎಂಜಿನಿಯರ್ ಬೇಕೆಂದು 2011ರ ನಿಯಮಗಳು ಹೇಳುತ್ತವೆ. ನಿಮ್ಮದು ಅದರ ಹತ್ತಿರಕ್ಕೂ ಬಾರದ ಸಣ್ಣ ಬಾಯ್ಲರ್, ಆದ್ದರಿಂದ ಅರ್ಹ ಅಟೆಂಡೆಂಟ್ ಇದ್ದರೆ ನಿಯಮಕ್ಕೆ ಸಾಕು. ಆದರೆ ಬೆಂಕಿ ಉರಿಯುವ ಪ್ರತಿ ಪಾಳಿಯಲ್ಲೂ ಅವರು ಇರಬೇಕು. ಹಗಲಿನ ಅಟೆಂಡೆಂಟರ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ ರಾತ್ರಿ ಬಾಯ್ಲರ್ ನಡೆಸುವುದು ತಪ್ಪು.

ಇನ್ನು ಯಂತ್ರದ ಮಾತು. 10 ಕಿಲೋ ಒತ್ತಡದಲ್ಲಿ ಬಾಯ್ಲರಿನೊಳಗಿನ ನೀರು ಸುಮಾರು 184 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿರುತ್ತದೆ. ಬಾಯ್ಲರಿನ ಲೋಹದ ಚಿಪ್ಪು ಒಡೆದು ಆ ಒತ್ತಡ ಒಮ್ಮೆಲೇ ಇಳಿದರೆ ನೀರಿನ ಆರನೇ ಒಂದು ಪಾಲಿನಷ್ಟು ಕ್ಷಣದಲ್ಲಿ ಉಗಿಯಾಗುತ್ತದೆ, ಉಗಿಯಾದ ಒಂದೊಂದು ಲೀಟರ್ ನೀರು ಸಾವಿರದ ಆರುನೂರು ಲೀಟರಿಗೂ ಹೆಚ್ಚು ಜಾಗವನ್ನು ಬೇಡುತ್ತದೆ. ಗೋಡೆ, ಛಾವಣಿ, ಮನುಷ್ಯ, ಯಾವುದೂ ಅದಕ್ಕೆ ತಡೆಯಲ್ಲ.

ಪಂಪ್ ತಾನಾಗಿಯೇ ನಡೆಯುತ್ತದೆ ಎಂಬ ಧೈರ್ಯದ ಬಗ್ಗೆ ನನ್ನ ಅನುಭವವನ್ನೇ ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ಕಾರ್ಖಾನೆಯಲ್ಲಿ, ರಾತ್ರಿ ಎರಡು ಗಂಟೆಯ ಹೊತ್ತಿಗೆ, ಬಾಯ್ಲರಿನೊಳಗಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನಲ್ಲಿ ನೀರು ಮುಕ್ಕಾಲು ಮಟ್ಟದಲ್ಲಿ ಅಲುಗಾಡದೆ ನಿಂತಿತ್ತು. ಸಹಾಯಕನಿಗೆ ಅದನ್ನು ಕಂಡು ಸಮಾಧಾನ, ನನಗೆ ಅನುಮಾನ, ಏಕೆಂದರೆ ನಡೆಯುತ್ತಿರುವ ಬಾಯ್ಲರಿನಲ್ಲಿ ನೀರಿನ ಮಟ್ಟ ಸ್ವಲ್ಪವಾದರೂ ಏರಿಳಿಯುತ್ತಲೇ ಇರಬೇಕು. ಗ್ಲಾಸಿನ ತಳದ ಡ್ರೈನ್ ತೆರೆದು, ಮೇಲಿನ ಉಗಿಯ ಕಾಕ್ (ನಲ್ಲಿ) ಮುಚ್ಚಿ ನೋಡಿದರೆ, ರಭಸದಿಂದ ನುಗ್ಗಬೇಕಿದ್ದ ನೀರು ತೊಟ್ಟಿಕ್ಕುತ್ತಿತ್ತು. ಕೆಳಗಿನ ದಾರಿ ಕೆಸರಿನಿಂದ ಕಟ್ಟಿಕೊಂಡಿದ್ದರಿಂದ, ಉಗಿ ತಣಿದು ಇಳಿದ ನೀರೇ ಗ್ಲಾಸಿನಲ್ಲಿ ತುಂಬಿ ಸುಳ್ಳು ಮಟ್ಟವನ್ನು ತೋರಿಸುತ್ತಿತ್ತು. ಎರಡನೆಯ ಗ್ಲಾಸನ್ನು ಪರೀಕ್ಷಿಸಿದಾಗ ನಿಜವಾದ ನೀರು ತಳದಂಚಿನಲ್ಲಿತ್ತು. ನೀರಿನ ಮೇಲೆ ತೇಲುತ್ತ, ಮಟ್ಟ ಇಳಿದಾಗ ಪಂಪನ್ನು ಚಾಲೂ ಮಾಡಬೇಕಿದ್ದ ಫ್ಲೋಟಿನ ಕೋಶದಲ್ಲೂ ಅದೇ ಕೆಸರು ಕುಳಿತು ಫ್ಲೋಟ್ ಕೆಳಗಿಳಿಯದಂತಾಗಿತ್ತು. ಎರಡು ಉಪಕರಣಗಳು ಒಂದೇ ಕಾರಣಕ್ಕೆ ಒಂದೇ ಸುಳ್ಳನ್ನು ಹೇಳುತ್ತಿದ್ದವು. ಅಂಥ ಹೊತ್ತಿನಲ್ಲಿ ಫೋನ್ ಮಾಡಬೇಕೆಂದು ಆ ಸಹಾಯಕನಿಗೆ ತೋಚುವುದಾದರೂ ಹೇಗೆ? ಅವನ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇತ್ತು.

ಸೇಫ್ಟಿ ವಾಲ್ವಿನ ಭರವಸೆಯೂ ಪೂರ್ಣವಲ್ಲ. ಅದು ಒತ್ತಡವನ್ನಷ್ಟೇ ಅರಿಯುತ್ತದೆ, ನೀರಿಲ್ಲದ್ದನ್ನು ಅರಿಯುವುದಿಲ್ಲ. ನೀರು ಇಳಿದು ಬರಿದಾದ ಕೊಳವೆ ಕೆಂಪಗೆ ಕಾದು ಮೆತ್ತಗಾದಾಗ ಅದು ಎಂದಿನ ಒತ್ತಡದಲ್ಲಿಯೇ ಕುಸಿಯಬಹುದು.

ಉಮಿಯ ಬೆಂಕಿಗೆ ಇನ್ನೊಂದು ಗುಣವಿದೆ. ಎಣ್ಣೆಯ ಬಾಯ್ಲರಿನಲ್ಲಿ ಬರ್ನರ್ ನಿಂತರೆ ಬೆಂಕಿ ಆರಿತು. ಉಮಿಯಲ್ಲಿ ಫ್ಯಾನ್ ನಿಂತ ಮೇಲೂ ಒಲೆಯ ಕೆಂಡ ಬಹಳ ಹೊತ್ತು ಶಾಖ ಕೊಡುತ್ತಲೇ ಇರುತ್ತದೆ. ನಮ್ಮ ಜಿಲ್ಲೆಯ ಮಳೆಗಾಲ ನಿಮಗೆ ಗೊತ್ತೇ ಇದೆ. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಬಾಯ್ಲರಿಗೆ ನೀರು ಕೊಡುವ ಫೀಡ್ ಪಂಪ್ ನಿಲ್ಲುತ್ತದೆ, ಬೆಂಕಿ ನಿಲ್ಲುವುದಿಲ್ಲ. ಜನರೇಟರ್ ಚಾಲೂ ಆಗುವವರೆಗಿನ ಆ ಕೆಲವು ನಿಮಿಷಗಳಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂದು ಬಲ್ಲವರು ಬಾಯ್ಲರಿನ ಎದುರಿಗೇ ಇರಬೇಕು. ಹುಬ್ಬಳ್ಳಿಯವರು ಹೊರಟು ಅರಬೈಲು ಘಟ್ಟ ಇಳಿದು ಬರುವಷ್ಟು ಹೊತ್ತು ಅದು ಕಾಯುವುದಿಲ್ಲ.

ಉತ್ತರ: ಕಾರವಾರ ನೀರು ಪರೀಕ್ಷಕಿ

ಹಿರಿಯರು ಹೇಳಿದ ಕೆಸರಿನ ಮೂಲದ ಬಗ್ಗೆ ಒಂದು ಮಾತು. ಕರಾವಳಿಯ ಬಾವಿಗಳಲ್ಲಿ, ಅದರಲ್ಲೂ ಖಾರ್‌ಲ್ಯಾಂಡಿನ (ಸಮುದ್ರದ ಉಪ್ಪುನೀರು ನುಗ್ಗುವ ತಗ್ಗು ಜಮೀನಿನ) ಅಂಚಿನವುಗಳಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಉಪ್ಪು ಏರುತ್ತದೆ. ನೀರಿನ ಗಡಸುತನ ತೆಗೆಯುವ ಸಾಫ್ಟನರ್ ಇದೆ ಎಂದು ಎಷ್ಟೋ ಕಡೆ ನಿಶ್ಚಿಂತೆಯಿಂದ ಇರುತ್ತಾರೆ. ಸಾಫ್ಟನರ್ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಸೋಡಿಯಂ ಬಿಡುತ್ತದೆಯೇ ಹೊರತು ಕ್ಲೋರೈಡನ್ನೂ ಕರಗಿದ ಒಟ್ಟು ಲವಣವನ್ನೂ ಕಡಿಮೆ ಮಾಡುವುದಿಲ್ಲ. ಜನವರಿಯಲ್ಲಿ ಸರಿಹೋಗುತ್ತಿದ್ದ ಬ್ಲೋಡೌನಿನ (ಲವಣ, ಕೆಸರು ಸೇರಿದ ನೀರನ್ನು ಬಾಯ್ಲರಿನಿಂದ ಹೊರಬಿಡುವುದರ) ಪ್ರಮಾಣ ಮೇ ತಿಂಗಳಲ್ಲಿ ಸಾಲದು. ನೀರು ನೊರೆಗಟ್ಟಿ ಉಗಿಯ ಜೊತೆಗೆ ಹೊರಟರೆ ಗ್ಲಾಸಿನ ಮಟ್ಟ ನಂಬಿಕೆಗೆ ಅರ್ಹವಲ್ಲ. ಗಡಸು ನೀರು ಒಳಹೊಕ್ಕರೆ ಕೊಳವೆಯ ಮೇಲೆ ಕಲ್ಲಿನ ಪದರ ಕಟ್ಟಿ, ಶಾಖ ನೀರಿಗೆ ದಾಟದೆ ಲೋಹವೇ ಕಾಯುತ್ತದೆ. ತಿಂಗಳಿಗೊಮ್ಮೆ ಬರುವವರ ಕೈಗೆ ಸಿಗುವುದು ಆ ದಿನದ ನೀರು ಮಾತ್ರ. ಗಡಸುತನ, ಪಿಎಚ್ ಮತ್ತು ಲವಣಾಂಶವನ್ನು ದಿನವೂ ಅಳೆದು, ಆ ಅಂಕಿಗಳನ್ನು ನೋಡಿ ಬ್ಲೋಡೌನನ್ನು ಬದಲಿಸುವ ಅಧಿಕಾರವುಳ್ಳ ಒಬ್ಬರು ಗಿರಣಿಯಲ್ಲಿಯೇ ಇರಬೇಕೆಂದು ನಾನು ಒತ್ತಾಯಿಸುತ್ತೇನೆ.

ಉತ್ತರ: ಕುಮಟಾ ಗೇರುಬೀಜ

ಸಣ್ಣ ಉದ್ದಿಮೆಯವರ ಕಷ್ಟವನ್ನೂ ಇಲ್ಲಿ ಹೇಳಬೇಕು. ಗೇರುಬೀಜ ಬೇಯಿಸಲು ನನ್ನಲ್ಲಿಯೂ ಸಣ್ಣ ಬಾಯ್ಲರ್ ಇದೆ. ಪೂರ್ಣಾವಧಿಯ ಎಂಜಿನಿಯರರಿಗೆ ಸಂಬಳ ಕೊಟ್ಟರೆ ನನ್ನ ವರ್ಷದ ಲಾಭದಲ್ಲಿ ಏನೂ ಉಳಿಯುವುದಿಲ್ಲ. ನಾನು ಕಂಡುಕೊಂಡ ದಾರಿಯೆಂದರೆ, ನಮ್ಮಲ್ಲೇ ದುಡಿಯುತ್ತಿದ್ದ ಇಬ್ಬರನ್ನು ನಿಗದಿತ ಅನುಭವ ಪಡೆದ ಮೇಲೆ ಅಟೆಂಡೆಂಟ್ ಪರೀಕ್ಷೆಗೆ ಕೂರಿಸಿದೆ, ವಾರಕ್ಕೊಂದು ಇಡೀ ದಿನ ಎಂಜಿನಿಯರರೊಬ್ಬರು ಬಂದು ಅವರೊಂದಿಗೇ ನಿಂತು ಕೆಲಸ ನೋಡುವಂತೆ ಏರ್ಪಾಡು ಮಾಡಿದೆ. ಎರಡು ವರ್ಷ ಹಿಡಿಯಿತು. ಆದರೆ ಅರ್ಹರಿಲ್ಲದ ಪಾಳಿಯನ್ನು ಆ ಎರಡು ವರ್ಷವೂ ನಡೆಸಲಿಲ್ಲ.

ಉತ್ತರ: ಶಿರಸಿ ನಿವೃತ್ತ

ಕುಮಟಾದವರ ಏರ್ಪಾಡಿನಲ್ಲಿ ಎಂಜಿನಿಯರ್ ಆಳುಗಳೊಂದಿಗೆ ನಿಂತು ಕಲಿಸುತ್ತಾರೆ ಎಂಬುದು ನನಗೆ ಬಹಳ ಮೆಚ್ಚಿಗೆಯಾಯಿತು. ಒಂದನ್ನು ಸೇರಿಸುತ್ತೇನೆ. ಬಾಯ್ಲರ್ ನಿಲ್ಲಿಸುವ ಅಧಿಕಾರವನ್ನು ಅಟೆಂಡೆಂಟರಿಗೆ ಬರಹದಲ್ಲಿ ಕೊಡಿ. ಬೇಯುತ್ತಿರುವ ಭತ್ತ ಹಾಳಾದೀತೆಂದು ಮಾಲೀಕರಿಗೆ ಹೆದರಿ ಬೆಂಕಿಯನ್ನು ಮುಂದುವರಿಸಿದವರನ್ನು ನಾನು ಕಂಡಿದ್ದೇನೆ.

ಪ್ರಶ್ನಿಸಿದವರು: ಅಂಕೋಲಾ ಮೇಲ್ವಿಚಾರಕ

ಎಲ್ಲರಿಗೂ ಕೃತಜ್ಞತೆಗಳು. ಈ ಉತ್ತರಗಳನ್ನು ಮಾಲೀಕರಿಗೆ ಓದಿ ಹೇಳಿದೆ. ಎರಡನೆಯ ಅಟೆಂಡೆಂಟ್ ಸಿಗುವವರೆಗೆ ರಾತ್ರಿ ಬಾಯ್ಲರ್ ನಡೆಸುವುದಿಲ್ಲವೆಂದು ಒಪ್ಪಿದ್ದಾರೆ, ಬೇಯಿಸುವ ಕೆಲಸವನ್ನೆಲ್ಲ ಹಗಲಿಗೆ ತಂದಿದ್ದೇವೆ. ಈಗ ಎರಡು ಸಂದೇಹಗಳು ಉಳಿದಿವೆ. ಸಂಜೆ ನಿಲ್ಲಿಸುವಾಗ ಅಟೆಂಡೆಂಟ್ ಎಷ್ಟು ಹೊತ್ತು ಇರಬೇಕು? ಗ್ಲಾಸಿನಲ್ಲಿ ನೀರೇ ಕಾಣದಿದ್ದರೆ ಮೊದಲು ಮಾಡಬೇಕಾದುದೇನು?

ಉತ್ತರ: ಶಿರಸಿ ನಿವೃತ್ತ

ಎರಡನೆಯದು ಮೊದಲು. ಗ್ಲಾಸನ್ನು ಪರೀಕ್ಷಿಸಿಯೂ ನೀರು ಕಾಣದಿದ್ದರೆ ಉಮಿ ಹಾಕುವುದನ್ನು ನಿಲ್ಲಿಸಿ, ಫ್ಯಾನುಗಳನ್ನು ನಿಲ್ಲಿಸಿ, ಯಾವ ಕಾರಣಕ್ಕೂ ಪಂಪ್ ಚಾಲೂ ಮಾಡಬೇಡಿ. ಕಾದು ಕೆಂಪಾದ ಲೋಹಕ್ಕೆ ನೀರು ತಗಲಿದರೆ ಅನಾಹುತವಾಗಬಹುದು. ಸೇಫ್ಟಿ ವಾಲ್ವನ್ನು ಕೈಯಿಂದ ಎತ್ತಬೇಡಿ. ಜನರನ್ನು ದೂರ ಕಳುಹಿಸಿ, ಅದು ತಾನಾಗಿ ತಣಿಯಲಿ. ತಜ್ಞರು ಪರೀಕ್ಷಿಸುವವರೆಗೆ ಬೆಂಕಿ ಹಾಕಬಾರದು.

ಸಂಜೆಯ ವಿಷಯ: ಒಲೆಯ ಉಮಿ ಪೂರ್ತಿ ಉರಿದುಹೋಗಲಿ, ನೀರನ್ನು ಎಂದಿನ ಮಟ್ಟಕ್ಕಿಂತ ಸ್ವಲ್ಪ ಮೇಲಕ್ಕೆ ತನ್ನಿ, ಏಕೆಂದರೆ ತಣಿದಂತೆ ನೀರು ಕುಗ್ಗಿ ಮಟ್ಟ ಇಳಿಯುತ್ತದೆ. ಕೆಂಡ ಆರಿ, ಒತ್ತಡ ಇಳಿಯುತ್ತಲೇ ಇದೆ, ಮತ್ತೆ ಏರುವುದಿಲ್ಲ ಎಂದು ಖಾತ್ರಿಯಾಗುವವರೆಗೆ ಅಟೆಂಡೆಂಟ್ ಅಲ್ಲಿಂದ ಕದಲಬಾರದು. ಬೆಳಿಗ್ಗೆ ಬಂದವರು ಬೆಂಕಿ ಹಚ್ಚುವ ಮೊದಲು ಎರಡೂ ಗ್ಲಾಸುಗಳನ್ನೂ ಫ್ಲೋಟಿನ ಕೋಶವನ್ನೂ ಪರೀಕ್ಷಿಸಿ, ಹೊತ್ತು ನಮೂದಿಸಿ ಪುಸ್ತಕದಲ್ಲಿ ಸಹಿ ಮಾಡಲಿ. ಆ ಪುಸ್ತಕವನ್ನು ದಿನವೂ ನೀವೇ ನೋಡಿ.