ಹೋಮ್ ನರ್ಸಿಂಗ್ ಏಜೆನ್ಸಿಯ ಆಯಾಗಳಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಮಾಡಿಸಲೇಬೇಕಾ, ಗ್ರೂಪ್ ಪಾಲಿಸಿ ಸಾಕಾ?

ತುಮಕೂರು_ಸೇವೆ:
ಹಾಸಿಗೆ ಹಿಡಿದವರನ್ನು ನೋಡಿಕೊಳ್ಳೋಕೆ ಮನೆಗಳಿಗೆ ಆಯಾ, ಅಟೆಂಡರ್ ಕಳಿಸೋ ಸಣ್ಣ ಏಜೆನ್ಸಿ. ಆಫೀಸಲ್ಲಿ 2, ಡ್ಯೂಟಿ ಮೇಲೆ 12 ಜನ. ಸಂಬಳ 17,000. ಆಡಿಟರ್ ಸಲಹೆ: "ಕಮಿಷನ್ ಆಧಾರದವರು ಅಂತ ಬರೆಸಿಕೊಂಡು 2 ಲಕ್ಷದ ಗ್ರೂಪ್ ಆರೋಗ್ಯ ವಿಮೆ ಪಾಲಿಸಿ ತಗೊಳ್ಳಿ, ಇಎಸ್‌ಐ ತಲೆನೋವು ಬೇಡ." ಇದು ನಡೆಯುತ್ತಾ? ಪೇಷಂಟ್ ತೀರಿಕೊಂಡು ಮುಂದಿನ ಮನೆ ಸಿಗೋವರೆಗೆ ಡ್ಯೂಟಿ ಇಲ್ಲದ ದಿನಗಳ ಲೆಕ್ಕ ಹೇಗೆ?

ಲೆಕ್ಕದ_ಪುಸ್ತಕ:
ನಡೆಯಲ್ಲ. ಯಾವ ಮನೆಗೆ ಹೋಗಬೇಕು, ಎಷ್ಟು ಸಂಬಳ, ಒಬ್ಬರು ರಜೆ ಹಾಕಿದರೆ ಬದಲಿಗೆ ಯಾರು ಅನ್ನೋದನ್ನೆಲ್ಲ ನೀವೇ ತೀರ್ಮಾನಿಸುತ್ತೀರಿ, ಮನೆಯವರು ದುಡ್ಡು ಕೊಡೋದೂ ನಿಮಗೇ. ಹಾಗಿದ್ದ ಮೇಲೆ ಕಾಗದದಲ್ಲಿ ಏನೇ ಬರೆಸಿಕೊಂಡರೂ ಅವರು ನಿಮ್ಮ ನೌಕರರೇ. 10 ಅಥವಾ ಹೆಚ್ಚು ಜನ ಇದ್ದರೆ ಇಎಸ್‌ಐ ಕಡ್ಡಾಯ, ನಿಮ್ಮಲ್ಲಿ 14 ಇದ್ದಾರೆ. ಪಿಎಫ್‌ಗೆ 20 ಆಗಬೇಕು, ಸದ್ಯಕ್ಕೆ ಅದು ಬರಲ್ಲ.

ಖರ್ಚು ನೋಡಿ. ಏಜೆನ್ಸಿ ಪಾಲು 3.25%, ನೌಕರರದು 0.75%. 17,000ಕ್ಕೆ ನಿಮ್ಮ ಕೈಯಿಂದ ಸುಮಾರು 553, ಅವರ ಸಂಬಳದಿಂದ 128. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು, ತಡವಾದರೆ ವರ್ಷಕ್ಕೆ 12% ಬಡ್ಡಿ. ಮನೆಯವರ ಜೊತೆ ರೇಟ್ ಮಾತಾಡುವಾಗಲೇ ಇದನ್ನು ಸೇರಿಸಿ, ಆಮೇಲೆ ಕೇಳಿದರೆ ಯಾರೂ ಕೊಡಲ್ಲ.

ಗ್ರೂಪ್ ಪಾಲಿಸಿ ಸಾಮಾನ್ಯವಾಗಿ ಅಡ್ಮಿಟ್ ಆದರೆ ಮಾತ್ರ ಕೈಗೆ ಬರೋದು. ಆಯಾಗಳು ಆಸ್ಪತ್ರೆಗೆ ಹೋಗೋದು ಬೆನ್ನುನೋವಿಗೆ, ಜ್ವರಕ್ಕೆ, ಬಿಪಿ-ಶುಗರ್ ಮಾತ್ರೆಗೆ. ಅದೆಲ್ಲ ಹೊರರೋಗಿ ಖರ್ಚು. ಇಎಸ್‌ಐಯಲ್ಲಿ ಅದೂ ಸಿಗುತ್ತೆ, ಗಂಡ/ಹೆಂಡತಿ, ಮಕ್ಕಳು, ಅವಲಂಬಿತ ತಂದೆ-ತಾಯಿಗೂ ಸಿಗುತ್ತೆ, ಹಳೇ ಕಾಯಿಲೆ ಅಂತ ತಳ್ಳಿಹಾಕಲ್ಲ. ಡಿಸ್ಪೆನ್ಸರಿಯಲ್ಲಿ ಮಾತ್ರೆ ಖಾಲಿ ಅನ್ನೋ ಮಾತು ಕೇಳಿಬರೋದು ನಿಜ. ಆದರೂ ಎರಡನ್ನೂ ಹೋಲಿಸೋಕೇ ಆಗಲ್ಲ.

ಸ್ಲಿಪ್_ನೋಡಿ:
ಎಲ್ಲರೂ ಎಡವೋದು ದಿನಗಳ ಲೆಕ್ಕದಲ್ಲಿ. ಏಪ್ರಿಲ್-ಸೆಪ್ಟೆಂಬರ್, ಅಕ್ಟೋಬರ್-ಮಾರ್ಚ್ ಅಂತ ಆರಾರು ತಿಂಗಳ ಎರಡು ಅವಧಿ. ಒಂದು ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿದ್ದರೆ ಮಾತ್ರ ಕಾಯಿಲೆ ಭತ್ಯೆ: ಸಂಬಳದ 70%, ವರ್ಷಕ್ಕೆ 91 ದಿನದವರೆಗೆ. ಏಪ್ರಿಲ್-ಸೆಪ್ಟೆಂಬರ್‌ನಲ್ಲಿ ಕಟ್ಟಿದ್ದಕ್ಕೆ ಫಲ ಮುಂದಿನ ಜನವರಿಯಿಂದ ಜೂನ್. ಎರಡು ತಿಂಗಳು ಒಂದೇ ಸಮ ದುಡಿದು, ಆಮೇಲೆ ಸುಗ್ಗಿಗೆ ಅಂತ ಊರಿಗೆ ಹೋದವರಿಗೆ 60 ದಿನ ಮಾತ್ರ ಆಗುತ್ತೆ, ಭತ್ಯೆ ಹೋಯ್ತು. ಆದ್ದರಿಂದ ಎರಡು ಮನೆಗಳ ನಡುವಿನ ಬಿಡುವಿಗೆ ಅರ್ಧ ಸಂಬಳವಾದರೂ ಕೊಟ್ಟು ಅದನ್ನು ಸಂಬಳದ ದಿನ ಅಂತ ತೋರಿಸಿ. ಸೊನ್ನೆ ಹಾಕಬೇಡಿ.

ಇನ್ನೊಂದು ಚಾಳಿ: 10,000 ಸಂಬಳ, 7,000 "ಊಟದ ಭತ್ಯೆ" ಅಂತ ಒಡೆಯೋದು. 10,000ಕ್ಕೆ ಮಾತ್ರ ವಂತಿಗೆ ಕಟ್ಟಿ ಏಜೆನ್ಸಿಗೆ ತಿಂಗಳಿಗೆ ಉಳಿಯೋದು 228 ರೂಪಾಯಿ. ಅದೇ ಹೆಂಗಸು ಬಸುರಿಯಾದರೆ 26 ವಾರದ ಹೆರಿಗೆ ಭತ್ಯೆ ಒಂದು ಲಕ್ಷದ ಸುಮಾರಿಗೆ ಬರಬೇಕಾದದ್ದು 60 ಸಾವಿರಕ್ಕೆ ಇಳಿಯುತ್ತೆ. ಉಳಿತಾಯ ಅಂತೆ!

ಸೇರಿಸುವಾಗ ಆಧಾರ್‌ನಲ್ಲಿರೋ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನ ಹೆಸರು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ಕ್ಲೇಮ್ ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಕುಟುಂಬ ರಾಯಚೂರಲ್ಲೋ ಗದಗಲ್ಲೋ ಇದ್ದರೆ ಅವರಿಗೆ ಅಲ್ಲಿಯ ಡಿಸ್ಪೆನ್ಸರಿಯನ್ನೇ ಬೇರೆಯಾಗಿ ಆರಿಸಬಹುದು. ಇ-ಪೆಹಚಾನ್ ಕಾರ್ಡ್ (ಇಎಸ್‌ಐ ಗುರುತಿನ ಚೀಟಿ) ಪ್ರಿಂಟ್ ತೆಗೆದು ಕೈಗೆ ಕೊಡಿ, ಆಫೀಸ್ ಫೈಲಲ್ಲಿ ಇಟ್ಟರೆ ಪ್ರಯೋಜನವಿಲ್ಲ.

ವಾರ್ಡ್_ಅಕ್ಕ:
ಇನ್ಸುಲಿನ್ ಸೂಜಿ ಚುಚ್ಚಿದ್ದೂ ಕೆಲಸದ ವೇಳೆಯ ಅಪಘಾತವೇ. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕೋಕೆ ಹೋದಾಗಲೇ ಹೆಚ್ಚು ಚುಚ್ಚೋದು. ಚುಚ್ಚಿದ ಜಾಗ ಹಿಂಡಬೇಡಿ, ಸೋಪು ನೀರಲ್ಲಿ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, 28 ದಿನ ನುಂಗಬೇಕು. ಕೆಲಸಕ್ಕೆ ಸೇರಿಸುವಾಗಲೇ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ: ಮೊದಲನೇದು, ಒಂದು ತಿಂಗಳಿಗೆ ಎರಡನೇದು, ಆರನೇ ತಿಂಗಳಿಗೆ ಮೂರನೇದು. ಖರ್ಚು ಏಜೆನ್ಸಿಯದು.

ರೋಗಿಯನ್ನು ಎತ್ತುವಾಗ ಸೊಂಟ ಹಿಡಿದರೆ ಅವತ್ತೇ ಸಮಯ, ಮನೆ ವಿಳಾಸ, ಏನು ಮಾಡುವಾಗ ಆಯ್ತು ಅಂತ ಬರೆದು ಇಎಸ್‌ಐಗೆ ಫಾರಂ 12 (ಅಪಘಾತ ವರದಿ) ಕಳಿಸಿ. ವಾರ ಬಿಟ್ಟು ಬರೆದರೆ "ಮೊದಲಿಂದ ಇದ್ದ ನೋವು" ಅಂತಾರೆ. ಕೆಲಸದ ಗಾಯ ಅಂತ ಒಪ್ಪಿದರೆ ಭತ್ಯೆ 70% ಅಲ್ಲ, 90%, ಅದಕ್ಕೆ 78 ದಿನದ ಷರತ್ತೂ ಇಲ್ಲ.

ಮಂಡ್ಯದ_ಓದುಗ:
ಏಜೆನ್ಸಿ ಇಲ್ಲದೆ ಮನೆಯವರೇ ನೇರ ಇಟ್ಟುಕೊಂಡಿದ್ದರೆ?

ಲೆಕ್ಕದ_ಪುಸ್ತಕ:
ಇಎಸ್‌ಐ ಬರಲ್ಲ. ಆಯಾ ಅವರ ಬ್ಯಾಂಕ್ ಖಾತೆಯಿಂದಲೇ ಸುರಕ್ಷಾ ಬಿಮಾ (ಅಪಘಾತ ವಿಮೆ, ವರ್ಷಕ್ಕೆ 20 ರೂ.), 50 ವರ್ಷದೊಳಗಿದ್ದರೆ ಜೀವನ್ ಜ್ಯೋತಿ (ಜೀವ ವಿಮೆ, ವರ್ಷಕ್ಕೆ 436 ರೂ.) ಮಾಡಿಸಿ. ಎರಡೂ ಮೇ 31ಕ್ಕೆ ಮುಗಿಯುತ್ತವೆ, ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ನವೀಕರಣ ಆಗಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ತುರ್ತು ಬಿಟ್ಟು ಉಳಿದದ್ದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ನೇರ ಖಾಸಗಿ ಆಸ್ಪತ್ರೆಗೆ ಹೋದರೆ ಬಿಲ್ ಕೈಗೆ ಬರುತ್ತೆ.

ತುಮಕೂರು_ಸೇವೆ:
ಒಬ್ಬರಿಗೆ ಓವರ್‌ಟೈಮ್ ಸೇರಿ 22,500 ಆಗುತ್ತೆ. ಇಎಸ್‌ಐಗಿರೋ 21,000 ಸಂಬಳದ ಮಿತಿ ದಾಟಿತಲ್ಲ?

ಸ್ಲಿಪ್_ನೋಡಿ:
ಮಿತಿ ನೋಡುವಾಗ ಓವರ್‌ಟೈಮ್ ಸೇರಿಸಲ್ಲ, ಅವರು ಒಳಗೇ ಇರುತ್ತಾರೆ. ವಂತಿಗೆ ಮಾತ್ರ ಪೂರ್ತಿ 22,500ರ ಮೇಲೆ ಕಟ್ಟಿ.