ಅಪ್‌ಡೇಟ್: ಅಪ್ಪನ ವೀಣೆ ಸಿಡಿಗಳ ಟಿಕ್ ಟಿಕ್ ಹೋಯಿತು

ಅಪ್ಪನ ಹಳೆಯ ವೀಣೆ ಸಿಡಿಗಳನ್ನು ಕಂಪ್ಯೂಟರಿಗೆ ಹಾಕಿಕೊಂಡರೆ ಟಿಕ್ ಟಿಕ್ ಸದ್ದು ಬರುತ್ತದೆ ಅಂತ ಹೋದ ವಾರ ಕೇಳಿದ್ದೆ ಅಲ್ವಾ? ಸಿಡಿಯ ಹಾಡುಗಳನ್ನು ಕಂಪ್ಯೂಟರಿಗೆ ತೆಗೆಯುವ ‘ಎಕ್ಸಾಕ್ಟ್ ಆಡಿಯೋ ಕಾಪಿ’ ಅನ್ನೋ ಸಾಫ್ಟ್‌ವೇರ್‌ನ ಸೆಕ್ಯೂರ್ ಮೋಡ್ ಬಳಸಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಅದೇ ಕೆಲಸ ಮಾಡಿತು. ಅನುಮಾನದ ಜಾಗವನ್ನು ಅದು ಮತ್ತೆ ಮತ್ತೆ ಓದುತ್ತದೆ. ಒಂದು ಸಿಡಿಗೆ ಮುಕ್ಕಾಲು ಗಂಟೆ ಹಿಡಿಯಿತು, ಆದರೆ ಸದ್ದು ಪೂರ್ತಿ ಹೋಯಿತು. ಗೀರು ಹೋಗಲಿ ಅಂತ ಸಿಡಿಗೆ ಟೂತ್‌ಪೇಸ್ಟ್ ಉಜ್ಜಬೇಡಿ, ನಾನು ಉಜ್ಜಿ ಗೀರು ಜಾಸ್ತಿಯೇ ಆಯಿತು.

ಗೊತ್ತಿರದಿದ್ದ ವಿಷಯ: ಆಕ್ಯುರೇಟ್‌ರಿಪ್ ಅನ್ನೋ ಆನ್‌ಲೈನ್ ಪಟ್ಟಿ ನಮ್ಮ ಕಾಪಿಯನ್ನು ಬೇರೆಯವರ ಕಾಪಿಗೆ ಹೋಲಿಸಿ ನೋಡುತ್ತದೆ. ನಮ್ಮ ಮೂರು ಸಿಡಿ ಅದರಲ್ಲಿ ಇರಲೇ ಇಲ್ಲ. ಅವನ್ನು ಎರಡೆರಡು ಸಲ ತೆಗೆದು, ಸಿಆರ್‌ಸಿ ಸಂಖ್ಯೆ (ಕಾಪಿಯ ಡೇಟಾದಿಂದ ಲೆಕ್ಕ ಹಾಕುವ ತಾಳೆ ಸಂಖ್ಯೆ) ಒಂದೇ ಇದೆಯಾ ಅಂತ ನೋಡಿಕೊಂಡೆ. ಎಲ್ಲವೂ ಈಗ 16 ಬಿಟ್, 44.1 ಕಿಲೋಹರ್ಟ್ಸ್ ಫ್ಲ್ಯಾಕ್ ಫೈಲ್‌ಗಳು (ಗುಣಮಟ್ಟ ಕಳೆಯದೆ ಸದ್ದನ್ನು ಚಿಕ್ಕದಾಗಿ ಇಡುವ ಬಗೆ). ಸಿಡಿಯಲ್ಲಿರುವುದೇ ಅಷ್ಟು, 24 ಬಿಟ್‌ಗೆ ಏರಿಸಿದರೆ ಸುಮ್ನೆ ಜಾಗ ದಂಡ.

ನಿನ್ನೆ ರಾತ್ರಿ ಅಪ್ಪ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.