ಅಪ್‌ಡೇಟ್: ಸರಿ ಉತ್ತರಕ್ಕೂ ತಪ್ಪು ತೋರಿಸುತ್ತಿದ್ದ ಉಕ್ತಲೇಖನ ಕ್ವಿಜ್

ಹೋದ ವಾರ ಕೇಳಿದ್ದೆ: ಉಡುಪಿಯಲ್ಲಿ ಮೂರನೇ ತರಗತಿಗೆ ಗೂಗಲ್ ಫಾರ್ಮ್ಸ್‌ನಲ್ಲಿ ಉಕ್ತಲೇಖನ, ಮಕ್ಕಳು 'ಕೊಡೆ', 'ಗೊಂಬೆ' ಸರಿಯಾಗಿ ಬರೆದರೂ ಸೊನ್ನೆ. ಈಗ ಸರಿಯಾಯಿತು.

ಕೊನೆಯ ಸ್ಪೇಸ್ ಅಳಿಸಿ ಎಂದವರ ಸಲಹೆಯಿಂದ ಏನೂ ಬದಲಾಗಲಿಲ್ಲ. ಬ್ರೌಸರ್ ಬದಲಿಸಿದ್ದೂ ದಂಡ. ಕೀಲಿ ಉತ್ತರವನ್ನೇ (ಅಂಕ ಕೊಡಲು ಫಾರ್ಮ್‌ನಲ್ಲಿ ನಾವು ತುಂಬಿಡುವ ಸರಿಯುತ್ತರ) ಅನುಮಾನಿಸಿ ಎಂದವರು ಗೆದ್ದರು. ಹಳೆಯ ಕಡತದಿಂದ, ಈಗಿನ ಸಾಮಾನ್ಯ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಪರಿವರ್ತಿಸಿದ ಪದಗಳನ್ನು ಅಲ್ಲಿ ಅಂಟಿಸಲಾಗಿತ್ತು. 'ಕೊ' ಎಂಬುದು ಕ ಮತ್ತು ಒಂದೇ ಒ-ಚಿಹ್ನೆಯಾಗಿಯೂ ಇರಬಹುದು, ಎ-ಚಿಹ್ನೆ ಮತ್ತು ಊ-ಚಿಹ್ನೆ ಎರಡಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಸುವ ಯಂತ್ರಕ್ಕೆ ಬೇರೆ ಬೇರೆ. ಪತ್ತೆ ಸುಲಭ: ಕರ್ಸರನ್ನು 'ಕೊ' ಆದ ಕೂಡಲೇ ಇಟ್ಟು ಒಮ್ಮೆ ಬ್ಯಾಕ್‌ಸ್ಪೇಸ್ ಒತ್ತಿ. 'ಕ' ಉಳಿದರೆ ಸರಿ, 'ಕೆ' ಉಳಿದರೆ ಒಡೆದ ರೂಪ. ಕೀಲಿ ಉತ್ತರಗಳನ್ನೆಲ್ಲ ಅಳಿಸಿ, ಮಕ್ಕಳು ಬಳಸುವ ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನಲ್ಲೇ ಮತ್ತೆ ಟೈಪ್ ಮಾಡಿದರೆ ಸಾಕು. 'ಸಾಫ್ಟ್‌ವೇರ್' ತರಹದ ಪದಗಳಲ್ಲಿ ನಡುವೆ ಕಾಣದ ಅಕ್ಷರವೊಂದು ಕೂತಿರುತ್ತದೆ. ಅಂಥವಕ್ಕೆ ಅದು ಇರುವ, ಇಲ್ಲದ ಎರಡೂ ರೂಪ ಸೇರಿಸಿ.

ನಿರೀಕ್ಷಿಸದ್ದು ಇನ್ನೊಂದು: ಕೀಬೋರ್ಡ್ ಮೇಲಿನ ಸಲಹೆಪಟ್ಟಿಯೇ ಕಾಗುಣಿತ ಹೇಳಿಕೊಡುತ್ತಿತ್ತು! ಜಿಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿದ ಮೇಲೆ ಅಂಕ ಇಳಿದವು, ಆದರೆ ಅವು ನಿಜವಾದ ಅಂಕ. ತುಳು ಮನೆಮಾತಿನ ಮಕ್ಕಳು ಎಡವುವುದು ಮಹಾಪ್ರಾಣದಲ್ಲಿ ಎಂಬುದು ಆಗ ಸ್ಪಷ್ಟವಾಯಿತು: 'ಭತ್ತ' 'ಬತ್ತ' ಆಗುತ್ತದೆ, 'ಧನ' 'ದನ' ಆಗುತ್ತದೆ. ಇಂಥ ಪದಗಳನ್ನು ಬಿಡಿಯಾಗಿ ಓದದೆ ವಾಕ್ಯದಲ್ಲಿಟ್ಟು ಓದಬೇಕು. ಒತ್ತಕ್ಷರಕ್ಕೆ ಮಾತ್ರ ಈಗಲೂ ಸ್ಲೇಟೇ ವಾಸಿ.